ಬೋರಲಿಂಗಯ್ಯನವರ ಬೆರಳು

ನಮ್ಮ ಬೋರಲಿಂಗಯ್ಯನವರ ಬಲಗೈ ತೋರುಬೆರಳಿಗೆ ಕೋಡಿಹಳ್ಳಿ ಸುತ್ತಮುತ್ತ ಒಂದು ವಾರ ಕಾಲ ದೇವರ ಮರ್ಯಾದೆ ನಡೆಯಿತು. ಆ ವಾರ ಅವರು ಆ ಬೆರಳನ್ನು ನೆಟ್ಟಗೆ ಮೇಲಕ್ಕೆ ಎತ್ತಿಟ್ಟುಕೊಂಡು, ಉಳಿದ ನಾಲ್ಕರಲ್ಲೇ ಮುದ್ದೆ ಮುರಿದು ಉಂಡರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ನಷ್ಟವಿಲ್ಲ. ಆದರೆ ನಾನು ಅವರ ಪಕ್ಕದ ಮನೆಯವನು, ಮೇಲಾಗಿ ಅವರ ರೇಷ್ಮೆ ಗೂಡನ್ನು ರಾಮನಗರದ ಮಾರುಕಟ್ಟೆಗೆ ಹೊತ್ತ ಲಗೇಜ್ ಆಟೋ ನನ್ನದು. ಆದ್ದರಿಂದ ಈ ಕಥೆ ಹೇಳುವ ಹಕ್ಕು ನನ್ನದೇ. ಊರಿನಲ್ಲಿ ಬೇರೆ ಯಾರಾದರೂ ಇದನ್ನು ಬೇರೆ ಥರ ಹೇಳಿದರೆ ಅವರಿಗೆ ಹೊಟ್ಟೆಕಿಚ್ಚು ಅಂದುಕೊಳ್ಳಿ.

ಎಲ್ಲಕ್ಕೂ ಮೂಲ ಅವರ ಮಗಳು ನವ್ಯಶ್ರೀ. ಕನಕಪುರದಲ್ಲಿ ಬಿ.ಎಡ್. ಓದುವ ಹುಡುಗಿ, ತನ್ನ ಹಳೇ ಫೋನನ್ನು ಅಪ್ಪನಿಗೆ ಕೊಟ್ಟಳು. ನಮ್ಮ ಕೇರಿಯಲ್ಲಿ ನೆಟ್‌ವರ್ಕ್ ಸಿಗುವುದು ಹಾಲಿನ ಡೈರಿಯ ಜಗಲಿಯ ಮೇಲೆ ಮಾತ್ರ. ಅದಕ್ಕೇ ಅವಳು ನೆಟ್ ಇಲ್ಲದೆಯೂ ನಡೆಯುವ ಒಂದು ಆಟ ಹಾಕಿಕೊಟ್ಟಳು. ಬಣ್ಣಬಣ್ಣದ ಗುಂಡುಗಳಿರುತ್ತವೆ, ಒಂದೇ ಬಣ್ಣದವು ಅಕ್ಕಪಕ್ಕ ಬಂದಾಗ ಒತ್ತಿದರೆ ಪಟಪಟನೆ ಒಡೆಯುತ್ತವೆ, ಅಷ್ಟೆ. ‘ಬಸ್ಸು ಕಾಯುವಾಗ, ಡೈರಿ ಸಾಲಿನಲ್ಲಿ ನಿಂತಾಗ ಐದು ನಿಮಿಷ ಹೊತ್ತು ಹೋಗುತ್ತದೆ’ ಎಂದು ಹೇಳಿ ಹೋದಳು. ಆದರೆ ಬೋರಲಿಂಗಯ್ಯನವರ ದಿನದಲ್ಲಿ ಅಂಥ ಐದು ನಿಮಿಷಗಳು ಎಷ್ಟಿದ್ದವೆಂದರೆ, ಎಲ್ಲ ಕೂಡಿಸಿದರೆ ದಿನವೇ ಆಗುತ್ತಿತ್ತು.

ಅವರ ಹೆಂಡತಿ ದೊಡ್ಡಲಕ್ಷ್ಮಮ್ಮನಿಗೆ ಹೊತ್ತು ಹೋಗಿಸುವ ಚಿಂತೆ ಇರಲಿಲ್ಲ. ಅವರದು ಹುಳದ ಮನೆ. ಹಿಪ್ಪುನೇರಳೆ ಸೊಪ್ಪು ಕುಯ್ಯುವುದು, ಹುಳಕ್ಕೆ ಹಾಕುವುದು, ಕಸ ತೆಗೆಯುವುದು, ಮತ್ತೆ ಸೊಪ್ಪು ಹಾಕುವುದು. ಹುಳ ಮೇವು ಬಿಟ್ಟು ಪೊರೆ ಕಳಚಲು ಜ್ವರಕ್ಕೆ ಕೂತರೆ ಆಯಮ್ಮ ಪಿಸುಮಾತಿನಲ್ಲೇ ಮಾತಾಡುತ್ತಿತ್ತು. ವಾಸನೆ ಹುಳಕ್ಕೆ ಆಗದೆಂದು, ಸೋಪು ಹಾಕಿಕೊಂಡು ಸ್ನಾನ ಮಾಡಿದವರನ್ನು ಹುಳದ ಮನೆಯ ಬಾಗಿಲಲ್ಲೇ ತಡೆಯುತ್ತಿತ್ತು. ಈ ಸಲ ಬೆಳೆ ಹೇಗೆ ಬಂತೆಂದರೆ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುವಾಗ ನಮ್ಮ ಬೀದಿಯ ಹೆಂಗಸರೆಲ್ಲ ಒಂದೊಂದು ಗೂಡನ್ನು ಕೈಲಿ ಹಿಡಿದು, ಅದುಮಿ, ಏನೂ ಮಾತಾಡದೆ ಮತ್ತೆ ಇಟ್ಟರು. ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಪ್ರತಿ ಬೆಳೆಯಲ್ಲೂ ಗೂಡು ಮಾರಿಕೊಂಡು ಬರುತ್ತಿದ್ದುದು ಆಯಮ್ಮನ ತಮ್ಮ, ಕಬ್ಬಾಳಿನ ಅನಂತರಾಜು. ಬಂದವನನ್ನು ಅಕ್ಕ ಪ್ರತಿ ಸಲ ಒಂದೇ ಮಾತು ಕೇಳುತ್ತಿತ್ತು.

“ಗೂಡು ನೋಡಿ ಏನಂದ್ರೊ?”

“ಅವರೇನಂತಾರೆ ಅಕ್ಕ. ನಾನು ಬಾಯಿ ಮಾಡುದ್ದಕ್ಕೆ ಈ ರೇಟು ಸಿಕ್ತು. ಬೇರೆಯವರಾಗಿದ್ರೆ ಬುಟ್ಟಿ ಸಮೇತ ಕಿತ್ಕೊಂಡು ಕಳಿಸೋರು” ಎನ್ನುತ್ತಿದ್ದ ಅವನು. ಈ ಉತ್ತರ ಕೇಳಿ ಕೇಳಿ ಆಯಮ್ಮನಿಗೆ ಬೇಜಾರಾಗಿ ಹೋಗಿತ್ತು. ಈ ಸಲ ಗಂಡನನ್ನೇ ಎಬ್ಬಿಸಿತು.

“ನೀವೇ ಹೋಗಿ ಬನ್ನಿ. ರೇಟು ಎಷ್ಟಾನಾ ಆಗ್ಲಿ. ನನ್ನ ಗೂಡು ನೋಡಿ ಏನಂದ್ರು ಅಂತ ಒಂದು ಮಾತು ಕೇಳ್ಕೊಂಡು ಬನ್ನಿ, ಅಷ್ಟು ಸಾಕು ನಂಗೆ.”

ಸುದ್ದಿ ಕೇಳಿದ ಅನಂತರಾಜು ಡೈರಿ ಜಗಲಿಯ ಮೇಲೆ, ಎಲ್ಲರೆದುರಿಗೆ ನಕ್ಕ. “ಭಾವ ಮಾರ್ಕೆಟ್‌ಗೆ ಹೋದ್ರೆ ಗೂಡು ಮಾರಕಿಲ್ಲ ಕಣ್ರಪ್ಪ, ಗೂಡಿನ ಪಕ್ಕ ಒಸಿ ನಿದ್ದೆ ಮಾಡ್ಕೊಂಡು ಬತ್ತಾರೆ” ಎಂದ. ಬೋರಲಿಂಗಯ್ಯನವರು ಮನೆಗೆ ಹೋಗಿ ಮದುವೆ ಮನೆಗೆಂದು ಎತ್ತಿಟ್ಟಿದ್ದ ಬಿಳಿ ಅಂಗಿ ತೆಗೆದು ಇಸ್ತ್ರಿಗೆ ಕೊಟ್ಟರು. ನಮ್ಮೂರಿನ ಗಂಡಸಿಗೆ ಮಾನ ಎನ್ನುವುದು ಇದ್ದೇ ಇದೆ.

ಗೂಡಿನ ಮಾರುಕಟ್ಟೆಯನ್ನು ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ. ತಂದ ಗೂಡನ್ನು ಉದ್ದನೆಯ ಜಾಲರಿಯಲ್ಲಿ ಸುರಿದು ರೈತ ಪಕ್ಕದಲ್ಲಿ ನಿಲ್ಲುತ್ತಾನೆ. ನೂಲು ತೆಗೆಯುವ ರೀಲರುಗಳು ಬರುತ್ತಾರೆ, ಒಂದು ಹಿಡಿ ಎತ್ತಿ, ಒಳಗಿನ ಹುಳದ ಸದ್ದು ಕೇಳಲು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಹಾಗೇ ಬಿಟ್ಟು ಮುಂದೆ ಹೋಗುತ್ತಾರೆ. ಹಿಂದೆಲ್ಲ ಕೂಗಿ ಕೂಗಿ ಹರಾಜು ನಡೆಯುತ್ತಿತ್ತು, ಈಗ ಎಲ್ಲ ಫೋನಿನಲ್ಲಿ. ರೀಲರು ಎಲ್ಲೋ ಮೂಲೆಯಲ್ಲಿ ನಿಂತು ತನ್ನ ಫೋನಿನಲ್ಲಿ ರೇಟು ಒತ್ತುತ್ತಾನೆ, ಗೋಡೆಯ ಮೇಲಿನ ಪರದೆಯಲ್ಲಿ ನಿಮ್ಮ ಲಾಟಿನ, ಅಂದರೆ ನೀವು ಸುರಿದ ಗೂಡಿನ ರಾಶಿಯ ಮುಂದೆ ಅದು ಮೂಡುತ್ತದೆ. ಬಾಯಿಗೆ ಕೆಲಸವೇ ಇಲ್ಲ.

ಬೋರಲಿಂಗಯ್ಯನವರು ಇದನ್ನು ಎಣಿಸಿರಲಿಲ್ಲ. ಮೊದಲ ರೀಲರು ಬಂದು ಗೂಡು ಎತ್ತಿದಾಗ “ಹೆಂಗೈತೆ ಸ್ವಾಮಿ?” ಎಂದು ಕೇಳಿದರು. ಅವನು ಅವರ ಮುಖವನ್ನೂ ನೋಡದೆ ಹೋದ. ಎರಡನೆಯವನೂ ಹೋದ. ಮೂರನೆಯವನು ಒಂದು ಗೂಡನ್ನು ಜೇಬಿಗೇ ಹಾಕಿಕೊಂಡು ಹೋದ. ಬಿಳಿ ಅಂಗಿ ಹಾಕಿಕೊಂಡು ಅಷ್ಟು ದೂರ ಬಂದು, ಮಾತಾಡಿಸುವವರಿಲ್ಲದೆ ನಿಲ್ಲುವುದು ಸುಲಭವಲ್ಲ. ಕೈ ಕಾಲು ಎಲ್ಲಿಡಬೇಕೆಂದು ತಿಳಿಯದೆ ಅವರು ಜಾಲರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಫೋನು ತೆಗೆದು, ಗುಂಡು ಒಡೆಯತೊಡಗಿದರು.

ಬೋರಲಿಂಗಯ್ಯನವರು ಆಟಕ್ಕೆ ಕೂತರೆ ಆಟದ ಹಾಗೆ ಕಾಣುವುದಿಲ್ಲ, ಇದನ್ನು ಹೇಳಲೇಬೇಕು. ಹುಬ್ಬು ಗಂಟಾಗುತ್ತದೆ, ನಾಲಿಗೆಯ ತುದಿ ಹೊರಗೆ ಬರುತ್ತದೆ, ಬೆರಳನ್ನು ಮೇಲಕ್ಕೆತ್ತಿ, ಯೋಚಿಸಿ, ತಟ್ಟನೆ ಇಳಿಸುತ್ತಾರೆ. ಪಕ್ಕದ ಜಾಲರಿಯಲ್ಲಿ ಗೂಡು ಹಾಕಿದ್ದವನು ಮರಳವಾಡಿಯ ದೇವರಾಜು. ಪರದೆ ನೋಡಿ ನೋಡಿ ಕತ್ತು ನೋಯಿಸಿಕೊಂಡಿದ್ದ ಮನುಷ್ಯ. ಇವರು ಬೆರಳಿಳಿಸಿದರು, ಕೆಂಪು ಗುಂಡುಗಳ ಒಂದು ರಾಶಿಯೇ ಒಡೆಯಿತು, ಅದೇ ಗಳಿಗೆಗೆ ಪರದೆಯ ಮೇಲೆ ಇವರ ಲಾಟಿನ ರೇಟು ಏರಿತು. ದೇವರಾಜು ನೋಡಿದ. ಇವರು ಮತ್ತೆ ಬೆರಳಿಳಿಸಿದರು. ರೇಟು ಮತ್ತೆ ಏರಿತು.

“ಯಜಮಾನ್ರೆ, ಏನದು?” ಎಂದ ದೇವರಾಜು.

“ಯಾವ್ದು?”

“ನೀವು ಇಲ್ಲಿ ಒತ್ತೀರಿ, ಅಲ್ಲಿ ಏರ್ತದೆ.”

ಬೋರಲಿಂಗಯ್ಯನವರು ತಲೆ ಎತ್ತಿ ಪರದೆ ನೋಡಿದರು. ಬೇರೆ ಯಾರಾದರೂ ‘ಇದು ಆಟ ಕಣಪ್ಪ’ ಎಂದು ನಕ್ಕುಬಿಡುತ್ತಿದ್ದರು. ಆದರೆ ಬೆಳಗ್ಗೆಯಿಂದ ಇವರನ್ನು ‘ಯಜಮಾನ್ರೆ’ ಎಂದು ಕರೆದ ಮೊದಲ ಪ್ರಾಣಿ ದೇವರಾಜು.

“ಇದು ಆಫ್‌ಲೈನು” ಎಂದರು ಗಂಭೀರವಾಗಿ.

“ಅಂಗಂದ್ರೆ?”

“ನೆಟ್ಟು ಬೇಕಾಗಿಲ್ಲ.”

ದೇವರಾಜು ಒಮ್ಮೆ ಫೋನು, ಒಮ್ಮೆ ಪರದೆ ನೋಡಿದ. “ರೀಲರುಗಳಿಗೆಲ್ಲ ನೆಟ್ಟು ಬೇಕು. ನೀವು ನೆಟ್ಟು ಇಲ್ದೆಲೇ ಏರಿಸ್ತೀರಾ?”

“ಏರ್ತಾ ಐತಲ್ಲ” ಎಂದರು ಬೋರಲಿಂಗಯ್ಯನವರು. ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ.

ಆಮೇಲೆ ನಡೆದದ್ದನ್ನು ತಡೆಯುವುದು ನನ್ನ ಕೈಲಿರಲಿಲ್ಲ. ದೇವರಾಜು ತನ್ನ ಪಕ್ಕದವನಿಗೆ ಹೇಳಿದ, ಅವನು ಅವನ ಪಕ್ಕದವನಿಗೆ. ನೋಡನೋಡುತ್ತಿದ್ದಂತೆ ಇವರ ಸುತ್ತ ಜನ ಸೇರಿತು. ಯಾರೋ ಟೀ ತಂದು ಕೊಟ್ಟರು. ಕುಡಿಯಲು ಇವರು ಕೈ ನಿಲ್ಲಿಸಿದರೆ “ನೀವು ಒತ್ತಿ ಯಜಮಾನ್ರೆ, ಟೀ ನಾವು ಕುಡಿಸ್ತೀವಿ” ಎಂದರು. ಗುಂಡು ಒಡೆಯದೆ ಸಿಕ್ಕಿಕೊಂಡಾಗ ರೇಟೂ ನಿಂತಿತು. ಎಲ್ಲರೂ ಉಸಿರು ಹಿಡಿದರು. ಒಡೆಯಿತು, ಏರಿತು. ಹರಾಜು ಮುಗಿದಾಗ ಆ ದಿನದ ಮೇಲ್ರೇಟು ನಮ್ಮ ಲಾಟಿನದೇ. ರಸೂಲ್ ಎಂಬ ರೀಲರು ಗೂಡು ಕೊಂಡಿದ್ದ. ಅವನು ತೂಕದ ಹತ್ತಿರ ಏನೋ ಹೇಳಲು ಬಂದ, ಆದರೆ ಅಷ್ಟರಲ್ಲಿ ನಾಲ್ಕು ಜನ ಬೋರಲಿಂಗಯ್ಯನವರ ಪಕ್ಕ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಆಗಲೇ ಅವರಿಗೂ ತಮ್ಮ ಬೆರಳಿನ ಮೇಲೆ ಪೂರ್ತಿ ನಂಬಿಕೆ ಬಂದುಬಿಟ್ಟಿತ್ತು. ಆಟೋದಲ್ಲಿ ಕೂತವರು ಕಿಟಕಿಯ ಹೊರಗೆ ಕೈ ಚಾಚಲಿಲ್ಲ, ಬೆರಳಿಗೆ ಧೂಳು ಹತ್ತುತ್ತದೆಂದು.

ನಾವು ಊರು ತಲುಪುವ ಮೊದಲೇ ದೇವರಾಜು ಹಿಡಿದ ವಿಡಿಯೋ ಡೈರಿ ಜಗಲಿ ತಲುಪಿತ್ತು. ಬಾಗಿಲಲ್ಲಿ ದೊಡ್ಡಲಕ್ಷ್ಮಮ್ಮ ಮಜ್ಜಿಗೆ ಲೋಟ ಹಿಡಿದು ನಿಂತಿತ್ತು. ರೇಟು ಕೇಳಲಿಲ್ಲ.

“ಗೂಡು ನೋಡಿ ಏನಂದ್ರು?”

“ಗೂಡಾ? ಗೂಡ್ನ ಯಾರು ನೋಡುದ್ರು ಕಣೆ, ಎಲ್ರೂ ನನ್ನ ಬೆರಳ್ನೇ ನೋಡ್ತಿದ್ರು” ಎಂದರು ಬೋರಲಿಂಗಯ್ಯನವರು.

ಆಯಮ್ಮ ಮಜ್ಜಿಗೆ ಲೋಟ ವಾಪಸು ತಗೊಂಡು ಒಳಗೆ ಹೋಯಿತು. ನನಗಂತೂ ಆ ಗಳಿಗೆಯಲ್ಲಿ ಸಂಕಟವಾಯಿತು. ಇವರಿಗೆ ಮಜ್ಜಿಗೆ ಹೋಯಿತಲ್ಲ ಎಂದಷ್ಟೇ ಬೇಜಾರು.

ಮುಂದಿನ ವಾರವಿಡೀ ಊರು ಊರಾಗಿರಲಿಲ್ಲ. ಮುನಿಯಮ್ಮ ಡೈರಿಗೆ ಹಾಲು ತಂದವಳು “ಬೋರಣ್ಣ, ನಮ್ಮ ಹಸೀನ ಹಾಲಲ್ಲಿ ಕೊಬ್ಬು ಬತ್ತಿಲ್ಲ ಅಂತಾರೆ, ಒಸಿ ಒತ್ತಪ್ಪ” ಎಂದಳು. ಇವರು ಒತ್ತಿದರು. ಮಿಷನ್ನು ಹಿಂದಿನ ದಿನಕ್ಕಿಂತ ಒಂದು ಕೂದಲು ಹೆಚ್ಚು ತೋರಿಸಿತು. ಆ ದಿನ ಮುನಿಯಮ್ಮ ಹಾಲಿಗೆ ನೀರು ಬೆರೆಸುವುದನ್ನು ಮರೆತಿದ್ದಳು ಎನ್ನುವುದು ಬೇರೆ ವಿಷಯ. ಕನಕಪುರದ ಬಸ್ಸು ತಡವಾದಾಗ ಜನ ಇವರ ಕಡೆ ತಿರುಗಿದರು. ಇವರು ಎರಡು ಸಲ ಒತ್ತಿದರು, ಬಸ್ಸು ಬಂತು. ದಿನಾ ಬರುವ ಬಸ್ಸೇ ಅದು, ಆದರೂ ಜನ ಕೈ ಮುಗಿದು ಹತ್ತಿದರು. ನವ್ಯಶ್ರೀ ಫೋನು ಮಾಡಿ ಬೈದಳು.

“ಅಪ್ಪ, ಅದು ಬರೀ ಆಟ. ಯಾವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಹೊರಗಿನ ಪ್ರಪಂಚ ಇದೆ ಅಂತಲೇ ಅದಕ್ಕೆ ಗೊತ್ತಿಲ್ಲ.”

“ನೀನು ಆನ್‌ಲೈನಲ್ಲಿ ಓದಿರೋಳು ಕಣವ್ವ, ಇದು ನಿಂಗೆ ಗೊತ್ತಾಗಕಿಲ್ಲ” ಎಂದು ಇವರು ಇಟ್ಟುಬಿಟ್ಟರು.

ಕೊನೆಗೆ ಅನಂತರಾಜು ಬಂದ. ಜಗಲಿಯ ಮೇಲೆ ನಕ್ಕಿದ್ದ ಅದೇ ಅನಂತರಾಜು ಈಗ ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು, ಚಪ್ಪಲಿ ಹೊರಗೇ ಬಿಟ್ಟು ಬಂದ.

“ಭಾವ, ನಮ್ಮನೆ ಗೂಡೂ ಬಂದೈತೆ, ನನ್ನ ಲಾಟಿಗೂ ಒಸಿ ಒತ್ಬುಡಿ.”

ಬೋರಲಿಂಗಯ್ಯನವರು ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. “ಬಿಡುವಿದ್ರೆ ನೋಡಾನ” ಎಂದರು. ಆ ಸುಖವನ್ನು ಅವರು ಅರ್ಧ ಗಂಟೆ ಎಳೆದರು. ಆಮೇಲೆ ಜಗಲಿಗೆ ಬಂದು ಎಲ್ಲರೆದುರು ಘೋಷಿಸಿದರು. “ನಮ್ಮ ಬಾಮೈದನ ಲಾಟು. ಅವತ್ತಿನ ಮೇಲ್ರೇಟು ಹಾಕಿಸ್ದೆ ಬಂದ್ರೆ ನನ್ನ ಹೆಸರು ಬೋರಲಿಂಗಯ್ಯ ಅಲ್ಲ.”

ಹಿಂದಿನಿಂದ ದೊಡ್ಡಲಕ್ಷ್ಮಮ್ಮನ ದನಿ ಬಂತು. “ನಾನೂ ಬತ್ತೀನಿ.”

“ನೀನ್ಯಾಕೆ?”

“ಬೆರಳಲ್ಲೇ ರೇಟು ಬರೋದಾದ್ರೆ ನಾನ್ಯಾಕೆ ಸೊಪ್ಪು ಕುಯ್ದು ಸಾಯ್ಲಿ? ಒಂದು ಸಲ ಕಣ್ಣಾರೆ ನೋಡ್ಬುಡ್ತೀನಿ. ದಿಟವಾದ್ರೆ ಮರಿ ಹುಳ ಮಾರೋ ಚಾಕಿಯವರಿಗೆ ಇನ್ನು ಬ್ಯಾಡ ಅಂದ್ಬುಡ್ತೀನಿ. ಹಿಪ್ಪುನೇರಳೆ ಕಿತ್ತು ರಾಗಿ ಚೆಲ್ಲಿ. ನನಗೂ ಸಾಕಾಗೈತೆ.”

ಇದನ್ನು ಆಯಮ್ಮ ಸಿಟ್ಟಿನಲ್ಲಿ ಹೇಳಲಿಲ್ಲ, ಮೆಲ್ಲಗೆ ಹೇಳಿತು. ಹುಳದ ಮನೆ ನಿಲ್ಲಿಸುತ್ತೇನೆ ಎನ್ನುವ ಮಾತನ್ನು ಆ ಬಾಯಲ್ಲಿ ನಾನು ಅದೇ ಮೊದಲು ಕೇಳಿದ್ದು. ಬೋರಲಿಂಗಯ್ಯನವರು “ಆಯ್ತು ಬಾ, ನೀನೂ ನೋಡು” ಎಂದು ಉಬ್ಬಿದರು. ಆ ಮನುಷ್ಯನಿಗೆ ಏನು ಹೇಳುವುದು.

ಮಾರುಕಟ್ಟೆಯಲ್ಲಿ ದೇವರಾಜು ಆಗಲೇ ಕಾದಿದ್ದ. ತನ್ನೂರಿನವರನ್ನು ಬೇರೆ ಕರೆತಂದಿದ್ದ. ಇವರಿಗಾಗಿ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಮಡಿಸಿದ ಟವಲು. ಅನಂತರಾಜು ಜಾಲರಿಗೆ ಗೂಡು ಸುರಿದು, ಚೆನ್ನಾಗಿದ್ದವನ್ನೆಲ್ಲ ಆರಿಸಿ ಮೇಲೆ ಹರಡಿದ. ಅಕ್ಕ ಬಗ್ಗಿ, ಅಡಿಯಿಂದ ಒಂದು ಹಿಡಿ ತೆಗೆದು ಅದುಮಿ ನೋಡಿತು.

“ಅನಂತ, ಇದು ಗೂಡಲ್ಲ ಕಣ್ಲಾ, ಹತ್ತಿ. ಒದ್ದೆ ಸೊಪ್ಪು ಹಾಕಿದ್ಯಾ?”

“ನೀನು ಸುಮ್ಕಿರಕ್ಕ. ಭಾವ ಒತ್ತಾರೆ.”

ಭಾವ ಒತ್ತಿದರು. ರೀಲರುಗಳು ಬಂದರು, ಮೇಲಿನ ಗೂಡನ್ನು ಮುಟ್ಟಲೂ ಇಲ್ಲ, ನೇರ ಅಡಿಗೆ ಕೈ ಹಾಕಿದರು, ಮುಖ ಕಿವುಚಿ ಹೋದರು. ಪರದೆಯ ಮೇಲೆ ಬಂದ ಮೊದಲ ರೇಟು ಬಂದ ಜಾಗದಲ್ಲೇ ಕೂತಿತು. ಇವರು ಕೆಂಪು ಒಡೆದರು, ನೀಲಿ ಒಡೆದರು. ಬೆರಳು ತೊಳೆದುಕೊಂಡು ಬಂದರು. ಕುರ್ಚಿಯನ್ನು ಪೂರ್ವಕ್ಕೆ ತಿರುಗಿಸಿ ಕೂತರು.

“ಒಸಿ ಜೋರಾಗಿ ಒತ್ತಿ ಭಾವ” ಎಂದ ಅನಂತರಾಜು.

“ಜೋರಾಗಿ ಒತ್ತುದ್ರೆ ಗಾಜು ಒಡೀತದೆ ಕಣಯ್ಯ.”

ಅಷ್ಟರಲ್ಲಿ ರೀಲರುಗಳು ಹೋಗಿ ದೂರು ಕೊಟ್ಟಿದ್ದರು, ಇಲ್ಲೊಬ್ಬ ಫೋನಿನಲ್ಲಿ ರೇಟು ಏರಿಸುತ್ತಾನಂತೆ ಎಂದು. ಮಾರುಕಟ್ಟೆಯ ಅಧಿಕಾರಿ ಬಂದರು. ಜನ ದಾರಿ ಬಿಟ್ಟಿತು. ಅವರು ಕೈ ಚಾಚಿದರು, ಬೋರಲಿಂಗಯ್ಯನವರು ಫೋನು ಕೊಟ್ಟರು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ಅದನ್ನೇ ನೋಡಿದರು.

“ಇದು ಗುಂಡು ಒಡೆಯೋ ಆಟ.”

“ಹೂಂ ಸಾರ್.”

“ಎಲ್ಲೂ ಹೋಗಲ್ಲ, ಎಲ್ಲಿಂದಲೂ ಬರಲ್ಲ. ಫೋನೊಳಗೇ ಇರೋದು.”

“ಹೂಂ ಸಾರ್. ಆಫ್‌ಲೈನು.”

“ಈ ಹಂತದಲ್ಲಿ ನಾನೂ ನಾಲ್ಕು ದಿನ ಒದ್ದಾಡಿದೆ” ಎಂದರು ಅಧಿಕಾರಿ, ದನಿ ಸ್ವಲ್ಪ ಮೆತ್ತಗಾಗಿ. “ನೀವು ಮಧ್ಯದಲ್ಲಿ ಒಡೀತಾ ಇದೀರಿ. ಮೂಲೆಯ ಹಸಿರು ಮೊದಲು.” ಹೇಳಿ ಮೂಲೆಯ ಹಸಿರು ಒತ್ತಿದರು. ಫೋನಿನ ತುಂಬ ಗುಂಡುಗಳು ಪಟಪಟ ಸಿಡಿದವು, ನಕ್ಷತ್ರಗಳು ಉದುರಿದವು, ತುತ್ತೂರಿ ಊದಿತು. ಎಲ್ಲರೂ ಒಟ್ಟಿಗೆ ಪರದೆಯ ಕಡೆ ತಿರುಗಿದೆವು. ಅನಂತರಾಜುವಿನ ರೇಟು ಅಲುಗಿರಲಿಲ್ಲ.

“ನೋಡಿದ್ರಲ್ಲ?” ಎಂದು ಫೋನು ವಾಪಸು ಕೊಟ್ಟು ಅಧಿಕಾರಿ ಹೊರಟುಹೋದರು.

ದೇವರಾಜು ಕುರ್ಚಿಯ ಮೇಲಿನ ತನ್ನ ಟವಲನ್ನು ಎಳೆದುಕೊಂಡ. ಬೋರಲಿಂಗಯ್ಯನವರು ಇನ್ನೂ ಅದರ ಮೇಲೆ ಕೂತಿದ್ದರು, ಆದರೂ ಎಳೆದುಕೊಂಡ. ಅನಂತರಾಜು “ನಾನೇ ಬಾಯಿ ಮಾಡಿದ್ರೆ ಆಗೋದು, ನಿಮ್ಮನ್ನ ನಂಬ್ಕೊಂಡು ಕೆಟ್ಟೆ” ಎಂದು ಗೊಣಗಿದ. ಬೋರಲಿಂಗಯ್ಯನವರ ಮುಖ ಇಷ್ಟೇ ಇಷ್ಟಾಗಿತ್ತು. ಬೆರಳನ್ನು ಮುಷ್ಟಿಯೊಳಗೆ ಮಡಚಿ ಅಂಗಿಯ ಜೇಬಿಗೆ ತುರುಕಿಕೊಂಡರು. ಅಯ್ಯೋ ಪಾಪ ಅನ್ನಿಸಿತು. ಏನೇ ಆಗಲಿ ನಮ್ಮೂರಿನವರು.

ಆಗ ಜನರನ್ನು ತಳ್ಳಿಕೊಂಡು ರಸೂಲ್ ಬಂದ, ಹಿಂದಿನ ವಾರ ನಮ್ಮ ಗೂಡು ಕೊಂಡಿದ್ದ ರೀಲರು.

“ಹೋದ ವಾರ ಇಲ್ಲೇ ಲಾಟು ಹಾಕಿದ್ರಲ್ಲ, ಕೋಡಿಹಳ್ಳಿ ಕಡೆಯವರು, ಯಾರದು?”

ಬೋರಲಿಂಗಯ್ಯನವರು ಜಗಳಕ್ಕೇ ಬಂದನೆಂದು ಹೆಂಡತಿಯ ಹಿಂದೆ ಸರಿದರು. ನಾನೇ ಅವರನ್ನು ತೋರಿಸಬೇಕಾಯಿತು.

“ಯಜಮಾನ್ರೆ, ಅವತ್ತೇ ಹೇಳೋಣ ಅಂತ ಬಂದೆ, ನೀವು ಫೋಟೋದಲ್ಲಿದ್ರಿ. ಆ ಗೂಡು ಕಿವಿ ಹತ್ರ ಹಿಡಿದಾಗಲೇ ಬಿಡಬಾರದು ಅಂತ ರೇಟು ಮೇಲೆ ಮೇಲೆ ಹಾಕಿದ್ದು ನಾನು. ಬಿಸಿನೀರಿಗೆ ಹಾಕಿದ್ರೆ, ಹಿಡಿದ ಎಳೆ ಕೊನೇವರೆಗೂ ತುಂಡಾಗಲಿಲ್ಲ. ನಮ್ಮನೇಲಿ ನೂಲು ತೆಗೆಯೋದು ನನ್ನ ಹೆಂಡತಿ ಸಫೂರಾ. ನಮ್ಮ ಅಬ್ಬಾನ ಕಾಲದಿಂದ ನಮ್ಮನೆಗೆ ಇಂಥಾ ಗೂಡು ಬಂದಿಲ್ಲ ಅಂದ್ಲು. ಇದನ್ನ ಸಾಕಿದ ಕೈ ಯಾವುದು ಅಂತ ನೋಡ್ಕೊಂಡು ಬಾ ಅಂತ ಕಳಿಸಿದ್ಲು. ಯಾರು ಸಾಕಿದ್ದು?”

ಮಾರುಕಟ್ಟೆ ಮತ್ತೆ ಬೋರಲಿಂಗಯ್ಯನವರ ಕಡೆ ತಿರುಗಿತು. ಹೋದ ಮಾನ ಹೊಸ್ತಿಲಿಗೇ ಬಂದು ನಿಂತಿತ್ತು. ‘ನಾನು’ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಟವಲು ಕೂಡ ವಾಪಸು ಬರುತ್ತಿತ್ತು. ಜೇಬಿನಿಂದ ಬೆರಳು ಹೊರಗೆ ಬಂತು. ನನಗೆ ಈ ಮನುಷ್ಯ ಚಿಕ್ಕಂದಿನಿಂದ ಗೊತ್ತು, ಅದಕ್ಕೇ ಹೇಳಿಯೇ ಬಿಡುತ್ತಾರೆ ಎಂದುಕೊಂಡೆ.

“ಇವಳು” ಎಂದರು ಬೋರಲಿಂಗಯ್ಯನವರು, ಹೆಂಡತಿಯ ಕಡೆ ತೋರಿಸಿ. ದನಿ ಸಣ್ಣಗಿತ್ತು, ಅದಕ್ಕೇ ಗಂಟಲು ಸರಿಮಾಡಿಕೊಂಡು ಇಡೀ ಮಾರುಕಟ್ಟೆಗೆ ಕೇಳುವಂತೆ ಇನ್ನೊಂದು ಸಲ ಹೇಳಿದರು. “ದೊಡ್ಡಲಕ್ಷ್ಮಮ್ಮ. ನಮ್ಮನೆಯವಳು. ಸೊಪ್ಪು ಕುಯ್ದೋಳು ಅವಳು, ಸಾಕಿದೋಳು ಅವಳು. ನಾನು ಆಗ್ಲೂ ಗುಂಡೇ ಒಡೀತಿದ್ದೆ.”

ರಸೂಲ್ ಆಯಮ್ಮನಿಗೆ ಕೈ ಮುಗಿದ. ಸುತ್ತಲಿದ್ದ ರೀಲರುಗಳೂ ಹತ್ತಿರ ಬಂದರು, ಮುಂದಿನ ಬೆಳೆ ಯಾವಾಗ ಬರುತ್ತದೆಂದು ಕೇಳತೊಡಗಿದರು. ದೊಡ್ಡಲಕ್ಷ್ಮಮ್ಮನಿಗೆ ಕಣ್ಣು ತುಂಬಿತು, ಆದರೆ ಅತ್ತು ಮುಗಿಸುವ ಹೆಂಗಸಲ್ಲ ಅದು. ಸೆರಗಿನಿಂದ ಮುಖ ಒರೆಸಿಕೊಂಡು, ಅನಂತರಾಜುವಿನ ರಟ್ಟೆ ಹಿಡಿದು ಮುಂದಕ್ಕೆ ಎಳೆದು ನಿಲ್ಲಿಸಿತು.

“ನೋಡಪ್ಪ, ಎಳೆ ತುಂಡಾಗಲಿಲ್ಲ ಅಂದ್ಯಲ್ಲ, ಅದ್ನ ಇನ್ನೊಂದು ಸಲ ಹೇಳು. ನನ್ನ ತಮ್ಮಂಗೆ ಕೇಳಿಸ್ಲಿಲ್ಲ.”

ರಸೂಲ್ ಹೇಳಿದ. ಆಯಮ್ಮ ತಲೆಯಾಡಿಸುತ್ತ ಪೂರ್ತಿ ಕೇಳಿತು. ಆಮೇಲೆ ಗಂಡನ ಕಡೆ ತಿರುಗಿತು.

“ನಡೀರಿ, ಚಾಕಿಯವರು ಬಾಗ್ಲು ಹಾಕೋದ್ರೊಳಗೆ ಹೋಗಾನ. ಈ ಸಲ ಮರಿ ಹುಳ ಒಸಿ ಜಾಸ್ತೀನೇ ಬೇಕು.”